ಯಾವುದು ದೇವರ ಸಿನಿಮಾ? ರಾಯಚೂರು ಸೀಮೆಯ ದಾಸರೂ ಕನ್ನಡದ ಭಕ್ತಿಚಿತ್ರವೂ

ಭಕ್ತಿಚಿತ್ರ ಎಂಬ ವರ್ಗ ಕನ್ನಡ ವಾಕ್ಚಿತ್ರದಷ್ಟೇ ಹಳೆಯದಾದರೂ ಅದರ ಎಲ್ಲೆಯನ್ನು ಯಾರೂ ಗೆರೆ ಎಳೆದು ತೋರಿಸಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೊಡುವ ಪ್ರಮಾಣಪತ್ರವು ಚಿತ್ರವನ್ನು ಯಾರು ನೋಡಬಹುದು ಎಂದಷ್ಟೇ ಹೇಳುತ್ತದೆ. ಅದು ಪೌರಾಣಿಕವೋ, ಸಾಮಾಜಿಕವೋ, ಭಕ್ತಿಪ್ರಧಾನವೋ ಎಂಬ ಗೊಡವೆಗೆ ಹೋಗುವುದಿಲ್ಲ. ಆ ಕೆಲಸವನ್ನು ಪೋಸ್ಟರು, ಪತ್ರಿಕೆಯ ಜಾಹೀರಾತು, ಹಂಚಿಕೆದಾರರು ಮತ್ತು ಪ್ರೇಕ್ಷಕರು ಸೇರಿ ಮಾಡುತ್ತ ಬಂದಿದ್ದಾರೆ. ಸಂತನ ಜೀವನ ತೆರೆಗೆ ಬಂದ ಮಾತ್ರಕ್ಕೆ ಅದು ಭಕ್ತಿಚಿತ್ರವೇ, ದಾಸರ ಪದವೊಂದನ್ನು ಹಾಡಿಸಿದರೆ ಸಾಕೇ, ಆರಾಧನೆ ಹಬ್ಬಗಳಲ್ಲಿ ಜನ ಕೂಡಿ ನೋಡಿದರೆ ಯಾವ ಚಿತ್ರವೂ ದೇವರ ಚಿತ್ರವಾಗಬಲ್ಲದೇ ಎಂಬ ಪ್ರಶ್ನೆಗಳು ಹಾಗೆಯೇ ಉಳಿದುಕೊಂಡಿವೆ. ಅವನ್ನು ಒರೆಗೆ ಹಚ್ಚಲು ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಪುರಂದರ, ಕನಕರ ಕಾಲದ ನಂತರ ದಾಸಸಾಹಿತ್ಯ ಮತ್ತೆ ಚಿಗುರಿದ್ದು ಇಲ್ಲಿ. ಹಾಗಿದ್ದೂ ಇಲ್ಲಿನ ದಾಸರು ನಾಯಕರಾಗಿ ಬೆಳ್ಳಿತೆರೆಗೆ ಬಂದದ್ದು ತೀರ ಈಚೆಗೆ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬದಲ್ಲಿ 18ನೆಯ ಶತಮಾನದ ಮೂವರು ದೊಡ್ಡ ಹರಿದಾಸರು ಒಬ್ಬರಿಂದ ಒಬ್ಬರಿಗೆ ಬೆಳೆದು ಬಂದರು. ಮಾನ್ವಿ ತಾಲ್ಲೂಕಿನ ಚೀಕಲಪರವಿ ವಿಜಯದಾಸರ (1682–1755) ಊರು. ಬಡತನದಲ್ಲಿ ಬೆಂದು, ಕಾಶಿಗೆ ಹೋಗಿ ಬಂದ ಅವರಿಗೆ ಪುರಂದರದಾಸರು ಕನಸಿನಲ್ಲಿ ಕಾಣಿಸಿಕೊಂಡು 'ವಿಜಯವಿಠಲ' ಎಂಬ ಅಂಕಿತ ಕೊಟ್ಟರೆಂದು ಸಂಪ್ರದಾಯ ನಂಬುತ್ತದೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಜನ್ಮಸ್ಥಳ; ಭಾಗಣ್ಣ ಎಂಬುದು ಅವರ ಪೂರ್ವದ ಹೆಸರು, ವಿಜಯದಾಸರೇ ಅವರ ಗುರು. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಗೋಪಾಲದಾಸರ ಕೃಪೆಗೆ ಪಾತ್ರರಾಗಿ ಜಗನ್ನಾಥದಾಸರೆನಿಸಿ, ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ'ವನ್ನು ಬರೆದರು. 1809ರಲ್ಲಿ ಅವರು ದೇಹ ಬಿಟ್ಟದ್ದು ಮಾನ್ವಿಯಲ್ಲಿ. ಅಲ್ಲಿನ ಮಂದಿರದ ಕಂಬದಲ್ಲಿ ಅವರ ಸನ್ನಿಧಾನವಿದೆ ಎಂಬುದು ಭಕ್ತರ ನಂಬಿಕೆ. ಭಾದ್ರಪದ ಶುದ್ಧ ನವಮಿಗೆ ಅವರ ಆರಾಧನೆ.

ಇವರೆಲ್ಲರ ಬೆನ್ನಿಗೆ ರಾಘವೇಂದ್ರಸ್ವಾಮಿಗಳ ನೆರಳಿದೆ. 1671ರ ಶ್ರಾವಣ ಬಹುಳ ಬಿದಿಗೆಯಂದು ರಾಯರು ಬೃಂದಾವನಸ್ಥರಾದ ಮಂಚಾಲೆ, ಅಂದರೆ ಮಂತ್ರಾಲಯ, ತುಂಗಭದ್ರೆಯ ಆಚೆ ದಡದಲ್ಲಿದೆ. ಈಚೆಯ ದಡ ರಾಯಚೂರಿನದು. ರಾಯರ ಸ್ತೋತ್ರ ಬರೆದ ಅಪ್ಪಣ್ಣಾಚಾರ್ಯರ ಬಿಚ್ಚಾಲಿ ರಾಯಚೂರು ತಾಲ್ಲೂಕಿನ ಹೊಳೆದಂಡೆಯ ಹಳ್ಳಿ. ರಾಯರು ತಪಸ್ಸು ಮಾಡಿದರೆನ್ನುವ ಗಾಣಧಾಳದ ಪಂಚಮುಖಿಯೂ ಅದೇ ತಾಲ್ಲೂಕಿನದು. ಇಂದಿನ ನಕಾಶೆಯಲ್ಲಿ ಮಂತ್ರಾಲಯವೂ ವಿಜಯದಾಸರ ಕಟ್ಟೆಯಿರುವ ಚಿಪ್ಪಗಿರಿಯೂ ಆಂಧ್ರಕ್ಕೆ ಸೇರಿವೆ, ಗೋಪಾಲದಾಸರ ಕಟ್ಟೆಯ ಉತ್ತನೂರು ತೆಲಂಗಾಣಕ್ಕೆ. ಭಕ್ತರ ಓಡಾಟಕ್ಕೆ ಈ ಗಡಿಗಳು ಅಡ್ಡ ಬಂದದ್ದು ಕಡಿಮೆ. ಸಿನಿಮಾದ ಓಡಾಟದ ಮಾತು ಬೇರೆ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಅದೇ ವರ್ಷ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನಿಜಾಮರ ಆಳ್ವಿಕೆಯ ಜಿಲ್ಲೆಯೊಂದರಲ್ಲಿ, ಉರ್ದು ಕಚೇರಿಯ ಮತ್ತು ಶಾಲೆಯ ಭಾಷೆಯಾಗಿದ್ದ ದಿನಗಳಲ್ಲಿ, ಅದು ಸಣ್ಣ ಮಾತಲ್ಲ. ಸಿನಿಮಾ ಮಾತ್ರ ಬೇರೆ ದಾರಿಯಿಂದ ಬಂತು. 1871ರಲ್ಲಿ ಮುಂಬಯಿ ಕಡೆಯ ರೈಲೂ ಮದ್ರಾಸಿನ ರೈಲೂ ಕೂಡಿದ್ದು ರಾಯಚೂರಿನಲ್ಲಿ. ಮುಂಬಯಿಯ ಹಿಂದಿ ಚಿತ್ರ, ಮದ್ರಾಸಿನ ಸ್ಟುಡಿಯೋಗಳ ತೆಲುಗು ಚಿತ್ರ ಎರಡಕ್ಕೂ ಈ ಊರು ಹತ್ತಿರ. ಬೆಂಗಳೂರು, ಮೈಸೂರುಗಳ ಕನ್ನಡ ಚಿತ್ರೋದ್ಯಮಕ್ಕೆ ದೂರ. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತು. ಇಲ್ಲಿನ ದಾಸರ ಕಥೆ ಕನ್ನಡದ ನಿರ್ಮಾಪಕರ ಕಣ್ಣಿಗೆ ಬೀಳದೆ ಹೋದದ್ದಕ್ಕೆ ಈ ದೂರವೂ ಒಂದು ಕಾರಣವಿರಬೇಕು.

ಆರಂಭದ ಕನ್ನಡ ಚಿತ್ರಗಳಲ್ಲಿ ಪುರಾಣ ಮತ್ತು ಭಕ್ತಿ ಬೇರೆ ಬೇರೆಯಾಗಿರಲಿಲ್ಲ. ಎರಡೂ ಕಂಪನಿ ನಾಟಕದ ರಂಗದಿಂದ ಇಳಿದು ಬಂದವು: ಅದೇ ನಟರು, ಅದೇ ಕಂದಪದ್ಯ, ಅದೇ ಪರದೆ. 'ಸತಿ ಸುಲೋಚನ' ಇಂದ್ರಜಿತುವಿನ ಹೆಂಡತಿಯ ಕಥೆ, ರಾಮಾಯಣದ್ದು. ಅದರ ಬೆನ್ನಿಗೇ ಬಂದ 'ಭಕ್ತ ಧ್ರುವ'ದಲ್ಲಿ 'ಭಕ್ತ' ಎಂಬ ಮಾತು ಹೆಸರಿಗೇ ಏರಿತು. 1937ರ 'ಪುರಂದರದಾಸ'ದೊಂದಿಗೆ ಮೂರನೆಯ ಬಗೆಯೊಂದು ಸೇರಿಕೊಂಡಿತು. ಪುರಾಣದ ಪಾತ್ರವಲ್ಲದ, ಇತಿಹಾಸದಲ್ಲಿ ಬದುಕಿದ್ದ, ಮನೆಮನೆಯಲ್ಲಿ ಪದಗಳು ಹಾಡಿಕೆಯಲ್ಲಿದ್ದ ವ್ಯಕ್ತಿ ಅದರ ನಾಯಕ. ಸಂತಚಿತ್ರವೆಂದು ಮುಂದೆ ಗುರುತಿಸಿದ್ದು ಈ ಬಗೆಯನ್ನು. ಅದರ ಕಥನದ ಅಚ್ಚು ನಾಟಕಕ್ಕಿಂತ ಹೆಚ್ಚಾಗಿ ಹರಿಕಥೆಯಿಂದ ಬಂದದ್ದು: ಅಪಮಾನ, ಪರೀಕ್ಷೆ, ಪವಾಡ, ಪಶ್ಚಾತ್ತಾಪ, ನಡುನಡುವೆ ಪದ.

ಈ ಬಗೆಗೆ ಭಾರತದಾದ್ಯಂತ ಮಾದರಿಯಾದದ್ದು ಪುಣೆಯ ಪ್ರಭಾತ್ ಕಂಪನಿಯ ಮರಾಠಿ ಚಿತ್ರ 'ಸಂತ ತುಕಾರಾಮ' (1936). ದಾಮ್ಲೆ ಮತ್ತು ಫತ್ತೇಲಾಲ್ ನಿರ್ದೇಶಿಸಿದ, ವಿಷ್ಣುಪಂತ ಪಾಗ್ನೀಸ್ ತುಕಾರಾಮನಾದ ಈ ಚಿತ್ರ ಮುಂಬಯಿಯಲ್ಲಿ ವರ್ಷ ತುಂಬುವಷ್ಟು ಓಡಿ, 1937ರ ವೆನಿಸ್ ಉತ್ಸವದಲ್ಲೂ ಮನ್ನಣೆ ಪಡೆಯಿತು. ಅದರ ಬಲವಿದ್ದದ್ದು ಪವಾಡದಲ್ಲಲ್ಲ, ತುಕಾರಾಮನ ಹೆಂಡತಿ ಆವಲಿಯ ಸಿಟ್ಟಿನಲ್ಲಿ. ಮನೆಯಲ್ಲಿ ಕಾಳಿಲ್ಲ, ಗಂಡ ಅಭಂಗ ಹಾಡುತ್ತಾನೆ. ಬೈಯುವ ಹೆಂಡತಿಯ ಪಾಲಿಗೂ ನ್ಯಾಯವಿದೆ. ಮುಂದಿನ ಬಹುಪಾಲು ಸಂತಚಿತ್ರಗಳು ಪವಾಡವನ್ನು ಉಳಿಸಿಕೊಂಡು ಆವಲಿಯನ್ನು ಕೈಬಿಟ್ಟವು. ಕನ್ನಡದಲ್ಲಿ 1963ರಲ್ಲಿ ರಾಜ್‌ಕುಮಾರ್ ತುಕಾರಾಮನ ಪಾತ್ರ ಮಾಡುವ ಹೊತ್ತಿಗೆ ಈ ಬಗೆ ಪಳಗಿದ ಸೂತ್ರವಾಗಿತ್ತು.

ಕನ್ನಡದ ಸಂತಚಿತ್ರಗಳ ದೊಡ್ಡ ಕಾಲ 1954ರಿಂದ ಸುಮಾರು ಎರಡು ದಶಕ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' (1954) ಶಿವಭಕ್ತನ ಕಥೆ. ಅದರ ತೆಲುಗು ರೂಪ 'ಕಾಳಹಸ್ತಿ ಮಹಾತ್ಮ್ಯಂ'ನಲ್ಲೂ ಅವರೇ ನಾಯಕರಾದರು. 1959ರ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜ್‌ಕುಮಾರ್ ಬಿಜ್ಜಳ. 1960ರಲ್ಲಿ ವೈ.ಆರ್. ಸ್ವಾಮಿಯವರ 'ಭಕ್ತ ಕನಕದಾಸ', 1964ರಲ್ಲಿ ಪುರಂದರದಾಸರ ಕಥೆಯ 'ನವಕೋಟಿ ನಾರಾಯಣ', 1974ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ 'ಭಕ್ತ ಕುಂಬಾರ'. ಒಬ್ಬನೇ ನಟ ಬೇಡ, ಕುರುಬ ಪಾಳೆಯಗಾರ, ಚಿನಿವಾರ, ಕುಂಬಾರ, ಯತಿ ಎಲ್ಲವೂ ಆದದ್ದು ಈ ಕಾಲದ ವಿಶೇಷ. ಪ್ರೇಕ್ಷಕರು 'ಭಕ್ತ ಕುಂಬಾರ'ದ ಗೋರಾ ಕುಂಬಾರನಿಗೆ ಕೈಮುಗಿದರೋ ರಾಜ್‌ಕುಮಾರರಿಗೋ ಎಂದು ಬಿಡಿಸಿ ಹೇಳುವುದು ಸಾಧ್ಯವಿರಲಿಲ್ಲ. ಭಕ್ತಿಚಿತ್ರದ ವರ್ಗೀಕರಣದಲ್ಲಿ ತಾರೆಯ ಪಾತ್ರವನ್ನು ವಿಮರ್ಶಕರು ಕಡೆಗಣಿಸುವುದುಂಟು. ಹಂಚಿಕೆದಾರರು ಎಂದೂ ಕಡೆಗಣಿಸಲಿಲ್ಲ.

ರಾಯಚೂರು ಸೀಮೆಗೆ ಈ ಸಾಲಿನಲ್ಲಿ ಎಲ್ಲಕ್ಕಿಂತ ಹತ್ತಿರದ ಚಿತ್ರ 1966ರ 'ಮಂತ್ರಾಲಯ ಮಹಾತ್ಮೆ'. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶಿಸಿದ ಈ ಚಿತ್ರದಲ್ಲಿ ರಾಜ್‌ಕುಮಾರ್ ರಾಘವೇಂದ್ರಸ್ವಾಮಿಗಳಾದರು. ವೀಣೆ ಬಲ್ಲ ಬಡ ಪಂಡಿತ ವೆಂಕಟನಾಥ ಸಂನ್ಯಾಸಿಯಾಗುವ ಕಥೆಯದು. ಆದವಾನಿಯ ನವಾಬನ ಪ್ರಸಂಗ, ಮಂಚಾಲೆ ಗ್ರಾಮದ ದಾನ ಮುಂತಾದ ಇದರ ಐತಿಹ್ಯಗಳು ನಡೆದವೆನ್ನುವ ನೆಲ ರಾಯಚೂರಿನ ಪ್ರೇಕ್ಷಕರಿಗೆ ಪುರಾಣದ ದೂರದೇಶವಲ್ಲ. ಒಂದು ಹೊಳೆ ದಾಟಿದರೆ ಸಿಗುವ ಊರು. ರಾಯರದೇ ರಚನೆಯೆಂದು ಪ್ರಸಿದ್ಧವಾದ, ವೇಣುಗೋಪಾಲನ ಅಂಕಿತದ ಕೀರ್ತನೆ ಪಿ.ಬಿ. ಶ್ರೀನಿವಾಸರ ಧ್ವನಿಯಲ್ಲಿ ಚಿತ್ರದಿಂದ ಹೊರಗೆ ನಡೆದು ರೇಡಿಯೋ, ಭಜನಾ ಮಂಡಳಿ, ಮದುವೆ ಮನೆಗಳಿಗೆ ಸೇರಿತು. ಚಿತ್ರ ಓಡುವುದು ನಿಂತ ಮೇಲೂ ಹಾಡು ನಿಲ್ಲಲಿಲ್ಲ. ಭಕ್ತಿಚಿತ್ರಕ್ಕೆ ಒಂದೇ ಒಂದು ಪರೀಕ್ಷೆ ಇಡುವುದಾದರೆ, ಅದರ ಹಾಡು ಸಿನಿಮಾದ ನೆನಪಿಲ್ಲದವರ ಬಾಯಲ್ಲಿ ಉಳಿದಿದೆಯೇ ಎಂದು ಕೇಳುವುದೇ ಸರಿಯಾದೀತು. 'ಮಂತ್ರಾಲಯ ಮಹಾತ್ಮೆ' ಅದರಲ್ಲಿ ಗೆಲ್ಲುತ್ತದೆ. ಅದೇ ಯತಿಯ ಕಥೆಯನ್ನು ಮುಂದೆ 1981ರಲ್ಲಿ ಶ್ರೀನಾಥ್ ಅಭಿನಯದ 'ಶ್ರೀ ರಾಘವೇಂದ್ರ ವೈಭವ'ವೂ, 1985ರಲ್ಲಿ ರಜನೀಕಾಂತರ ನೂರನೆಯ ಚಿತ್ರವಾಗಿ ತಮಿಳಿನ 'ಶ್ರೀ ರಾಘವೇಂದ್ರರ್' ಚಿತ್ರವೂ ಹೇಳಿದವು.

ನೋಡುವವರ ನಡತೆಯೇ ಚಿತ್ರದ ಜಾತಿಯನ್ನು ತೀರ್ಮಾನಿಸುತ್ತದೆ ಎಂಬ ವಾದಕ್ಕೆ ಬಲವಾದ ಪುರಾವೆಗಳು ಸಿಗುವುದು ತೆಲುಗು ಮತ್ತು ಹಿಂದಿ ಚಿತ್ರಗಳಲ್ಲಿ. ಈ ಎರಡನ್ನೂ ರಾಯಚೂರಿನ ಜನ ಡಬ್ಬಿಂಗ್ ಇಲ್ಲದೆ ನೇರವಾಗಿ ನೋಡುತ್ತಿದ್ದವರು. 1960ರ 'ಶ್ರೀ ವೆಂಕಟೇಶ್ವರ ಮಹಾತ್ಮ್ಯಂ' ನಂತರ ತಿರುಪತಿ ಯಾತ್ರೆ ಮುಗಿಸಿದವರು ಮದ್ರಾಸಿಗೆ ಹೋಗಿ ಅದರಲ್ಲಿ ವೆಂಕಟೇಶ್ವರನಾಗಿದ್ದ ಎನ್.ಟಿ. ರಾಮರಾಯರ ಮನೆಯ ಮುಂದೆ ದರ್ಶನಕ್ಕೆ ನಿಲ್ಲುತ್ತಿದ್ದ ಸಂಗತಿ ಎಲ್ಲರಿಗೂ ಗೊತ್ತಿರುವುದೇ. 1975ರ 'ಜೈ ಸಂತೋಷಿ ಮಾ' ಇನ್ನೂ ಮುಂದೆ ಹೋಯಿತು: ಜನ ಚಪ್ಪಲಿ ಹೊರಗೆ ಬಿಟ್ಟು ಥಿಯೇಟರಿನೊಳಗೆ ಬಂದರು, ತೆರೆಗೆ ಹೂವು ಕಾಸು ಎಸೆದರು, ಆರತಿ ಎತ್ತಿದರು. ಅಷ್ಟೇನೂ ಪರಿಚಿತಳಲ್ಲದ ದೇವಿಯೊಬ್ಬಳ ಶುಕ್ರವಾರದ ವ್ರತ ಆ ಸಣ್ಣ ಬಂಡವಾಳದ ಚಿತ್ರದಿಂದ ದೇಶದ ತುಂಬ ಹಬ್ಬಿತು. ಅದೇ ವರ್ಷದ 'ಶೋಲೆ'ಯ ಜೊತೆ ಗಲ್ಲಾಪೆಟ್ಟಿಗೆಯಲ್ಲಿ ಅದು ಸೆಣಸಿತು ಎಂಬುದನ್ನು ಚಿತ್ರೇತಿಹಾಸದ ಪುಸ್ತಕಗಳು ಈಗಲೂ ಸ್ವಲ್ಪ ಅಚ್ಚರಿಯಿಂದಲೇ ಹೇಳುತ್ತವೆ.

ಆದರೆ ನಡತೆಯನ್ನೇ ಅಳತೆಗೋಲು ಮಾಡಿಕೊಂಡರೆ ತೊಡಕೊಂದಿದೆ. ತೆಲುಗು, ಕನ್ನಡ ನಾಡುಗಳ ಟೂರಿಂಗ್ ಟಾಕೀಸುಗಳಲ್ಲಿ ಆಟ ಶುರುವಾಗುವ ಮೊದಲು ಘಂಟಸಾಲರು ಹಾಡಿದ ವೆಂಕಟೇಶ್ವರನ ಸ್ತುತಿಯ ರೆಕಾರ್ಡು ಹಾಕುವುದು ವಾಡಿಕೆಯಾಗಿತ್ತು. ಊರಾಚೆಯ ಟೆಂಟಿನಿಂದ ಆ ಹಾಡು ಕೇಳಿದರೆ ಟಿಕೆಟ್ ಕೊಡುವ ಹೊತ್ತಾಯಿತೆಂದು ಹಳ್ಳಿ ಜನ ಹೊರಡುತ್ತಿದ್ದರು. ಆಮೇಲೆ ನಡೆಯುತ್ತಿದ್ದದ್ದು ಕತ್ತಿವರಸೆಯ ಚಿತ್ರವಿರಬಹುದು, ಪತ್ತೇದಾರಿ ಇರಬಹುದು, ಕ್ಯಾಬರೆ ಇರುವ ಹಿಂದಿ ಪಿಚ್ಚರೂ ಇರಬಹುದು. ಕೈಮುಗಿದದ್ದನ್ನೇ ಲೆಕ್ಕ ಹಿಡಿದರೆ ಅವೆಲ್ಲ ದೇವರ ಸಿನಿಮಾಗಳಾಗಬೇಕಾಗುತ್ತದೆ.

ಕಥಾವಸ್ತುವನ್ನೇ ಅಳತೆಗೋಲು ಮಾಡಿಕೊಂಡರೂ ಬಿಕ್ಕಟ್ಟು ತಪ್ಪದು. ಅದಕ್ಕೆ ಎದುರುಬದುರು ನಿಲ್ಲುವ ಎರಡು ಚಿತ್ರಗಳಿವೆ. ಪಟ್ಟಾಭಿರಾಮರೆಡ್ಡಿಯವರ 'ಸಂಸ್ಕಾರ' (1970) ಮಾಧ್ವ ಅಗ್ರಹಾರವೊಂದರಲ್ಲಿ ನಡೆಯುತ್ತದೆ. ಅದರ ನಾಯಕ ವೇದಾಂತ ಶಿರೋಮಣಿ. ಮಠ, ಶಾಸ್ತ್ರ, ಮಾರುತಿಯ ಗುಡಿ ಎಲ್ಲವೂ ಅದರಲ್ಲಿವೆ. ಆದರೂ ಮೊದಲು ಸೆನ್ಸಾರಿನಿಂದ ತಡೆಹಿಡಿಯಲ್ಪಟ್ಟು ಆಮೇಲೆ ರಾಷ್ಟ್ರಪ್ರಶಸ್ತಿ ಪಡೆದ ಆ ಚಿತ್ರವನ್ನು ಭಕ್ತಿಚಿತ್ರವೆಂದು ಕರೆದವರಿಲ್ಲ. ದೊರೆ–ಭಗವಾನ್ ಜೋಡಿಯ 'ಎರಡು ಕನಸು' (1974) ಇದಕ್ಕೆ ತೀರ ಉಲ್ಟಾ. ಅದು ಪ್ರೇಮ ಕಳೆದುಕೊಂಡ ಅಧ್ಯಾಪಕ ಮತ್ತು ಅವನ ಹೆಂಡತಿಯ ಸಂಸಾರದ ಕಥೆ. ಅದರಲ್ಲಿ ಬರುವ ಮಂತ್ರಾಲಯ ಯಾತ್ರೆಯ ಹಾಡೊಂದು ರಾಯರ ಭಕ್ತರ ಮನೆಗಳಲ್ಲಿ ಗುರುವಾರದ ಹಾಡಾಗಿ ನೆಲೆ ನಿಂತಿತು. ಚಿತ್ರ ಸಾಮಾಜಿಕ, ಹಾಡು ಭಕ್ತಿಯದು; ಎರಡನ್ನೂ ಬೇರ್ಪಡಿಸಿ ಇಟ್ಟುಕೊಳ್ಳುವುದು ಜನರಿಗೆ ಕಷ್ಟವಾಗಲಿಲ್ಲ.

ಜಿ.ವಿ. ಅಯ್ಯರ್ ಇನ್ನೊಂದು ಬಗೆಯ ತೊಡಕು ಒಡ್ಡಿದರು. ಸಂಸ್ಕೃತದ 'ಆದಿ ಶಂಕರಾಚಾರ್ಯ' (1983) ಆದ ಮೇಲೆ ಅವರು ಕನ್ನಡದಲ್ಲಿ 'ಮಧ್ವಾಚಾರ್ಯ' (1986) ಮಾಡಿದರು. ರಾಯಚೂರಿನ ದಾಸಪರಂಪರೆಯ ಮೂಲಪುರುಷನ ಮೇಲಿನ ಚಿತ್ರ ಅದು. ಆದರೆ ಪವಾಡವನ್ನು ಮಿತಿಯಲ್ಲಿಟ್ಟು, ಮಾತನ್ನು ತತ್ತ್ವಕ್ಕೆ ಮೀಸಲಿಟ್ಟ ಅಂಥ ಚಿತ್ರಗಳಿಗೆ ತೆರೆಗೆ ಕಾಸೆಸೆಯುವ ಪ್ರೇಕ್ಷಕರು ಸಿಗಲಿಲ್ಲ. ಅವು ಚಿತ್ರೋತ್ಸವ, ಚಿತ್ರಸಮಾಜ ಮತ್ತು ದೂರದರ್ಶನದಲ್ಲಿ ಬಾಳಿದವು. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ನಡುದಾರಿ ಹಿಡಿದು ಎರಡೂ ಕಡೆ ಮಾನ್ಯವಾಯಿತು. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಪಡೆದ ಅದು, ಸರ್ಕಾರದ ಕಣ್ಣಿಗೆ ಭಕ್ತಿಗಿಂತ ಭಾವೈಕ್ಯದ ಚಿತ್ರವಾಗಿ ಕಂಡಿತು.

ಇಂಥ ಚರ್ಚೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ಪ್ರತಿ ಡಿಸೆಂಬರಿನಲ್ಲೂ ಯಾವುದು ಕ್ರಿಸ್‌ಮಸ್ ಸಿನಿಮಾ ಎಂಬ ವಾಗ್ವಾದ ಏಳುತ್ತದೆ. 'ಡೈ ಹಾರ್ಡ್' ಎಂಬ ಹೊಡೆದಾಟದ ಚಿತ್ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಹಬ್ಬದ ಪಾರ್ಟಿಯ ನಡುವೆ ನಡೆಯುತ್ತದೆ. ಬಿಡುಗಡೆಯಾದದ್ದು ಮಾತ್ರ 1988ರ ಜುಲೈನಲ್ಲಿ. ಅದನ್ನು ಹಬ್ಬದ ಸಿನಿಮಾ ಎನ್ನುವವರು ಕಥೆಯ ದಿನಾಂಕ ತೋರಿಸುತ್ತಾರೆ, ಅಲ್ಲವೆನ್ನುವವರು ಬಂದೂಕು ತೋರಿಸುತ್ತಾರೆ. ನಾಯಕ ಬ್ರೂಸ್ ವಿಲ್ಲಿಸ್ ಕೂಡ 2018ರಲ್ಲಿ ಅಲ್ಲವೆನ್ನುವವರ ಕಡೆ ಸೇರಿದರು. ಇನ್ನೊಂದು ಕಡೆ ಫ್ರಾಂಕ್ ಕ್ಯಾಪ್ರಾನ 'ಇಟ್ಸ್ ಎ ವಂಡರ್‌ಫುಲ್ ಲೈಫ್' (1946) ತೆರೆ ಕಂಡಾಗ ಹಣ ತರಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣವಾಗದೆ ತಪ್ಪಿಹೋಗಿ, ಟಿ.ವಿ. ಕೇಂದ್ರಗಳು ಕಾಸಿಲ್ಲದೆ ಸಿಕ್ಕ ಚಿತ್ರವೆಂದು ಪ್ರತಿ ಡಿಸೆಂಬರಿನಲ್ಲಿ ತೋರಿಸತೊಡಗಿದವು. ಹಾಗೆ ಅದು ಆ ಹಬ್ಬದ ಚಿತ್ರವೇ ಆಗಿಹೋಯಿತು. ಗುಮಾಸ್ತನೊಬ್ಬನ ಮರೆವು ಒಂದು ದೇಶಕ್ಕೆ ಹಬ್ಬದ ಪದ್ಧತಿಯೊಂದನ್ನು ಕೊಟ್ಟಿತು ಎನ್ನಲು ಅಡ್ಡಿಯಿಲ್ಲ.

ಏಸುವಿನ ಕಥೆಯೇ ಇರುವ ತೆಲುಗಿನ 'ಕರುಣಾಮಯುಡು' (1978) ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಭೀಮ್‌ಸಿಂಗ್ ನಿರ್ದೇಶನದ, ವಿಜಯಚಂದರ್ ಏಸುವಾಗಿ ಅಭಿನಯಿಸಿದ ಈ ಚಿತ್ರ ಬಿಡುಗಡೆಯಾದದ್ದು ಡಿಸೆಂಬರಿನಲ್ಲಿ, ಹಬ್ಬದ ಹೊಸ್ತಿಲಲ್ಲೇ. ಆಮೇಲೆ ಹಿಂದಿಯ 'ದಯಾಸಾಗರ್' ಸೇರಿ ಹಲವು ಭಾರತೀಯ ಭಾಷೆಗಳಿಗೆ ಡಬ್ ಆಗಿ, ಪ್ರಚಾರಕರ ತಂಡಗಳ ಪ್ರೊಜೆಕ್ಟರಿನಲ್ಲಿ ವರ್ಷವಿಡೀ ಹಳ್ಳಿಹಳ್ಳಿ ಸುತ್ತಿತು. ತೆಲುಗು ಪೌರಾಣಿಕದ ಬಣ್ಣ, ಹಾಡು, ಸಂಭಾಷಣೆಯ ಧಾಟಿ ಅದರಲ್ಲಿ ಎದ್ದು ಕಾಣುತ್ತದೆ, ಎನ್.ಟಿ.ಆರ್. ಅವರ ಕೃಷ್ಣನನ್ನು ನೋಡಿ ಬೆಳೆದ ಹಳ್ಳಿಗರಿಗೆ ಏಸುವಿನ ಕಥೆಯೂ ಅದೇ ಧಾಟಿಯಲ್ಲಿ ಒದಗಿತು. ಕಥೆಯಲ್ಲಿ ಕ್ರಿಸ್ತ ಜಯಂತಿ ಇದ್ದರೂ ಅದನ್ನು ನೋಡುವ ಕಾಲ ಹಬ್ಬಕ್ಕೆ ಕಟ್ಟುಬೀಳಲಿಲ್ಲ. ಭಾರತದಲ್ಲಿ ಬಹಳ ಮಂದಿ ನೋಡಿದ ಏಸುಚಿತ್ರಗಳಲ್ಲಿ ಒಂದಾದ ಇದನ್ನು ಅಮೆರಿಕದ ಅರ್ಥದಲ್ಲಿ ಕ್ರಿಸ್‌ಮಸ್ ಸಿನಿಮಾ ಎನ್ನಲಾಗದು.

ಕನ್ನಡದ ಭಕ್ತಿಚಿತ್ರಕ್ಕೆ ಪಂಚಾಂಗದ ನಂಟು ಗಟ್ಟಿಯಾದದ್ದೂ ಟಿ.ವಿ.ಯಿಂದಲೇ. ಚಿತ್ರಮಂದಿರದ ದಿನಗಳಲ್ಲಿ ಪ್ರಿಂಟು ಯಾವ ಊರಿಗೆ ಯಾವಾಗ ಬರುತ್ತದೆ ಎಂಬುದು ಹಂಚಿಕೆದಾರರ ಕೈಯಲ್ಲಿತ್ತು. ತಾಲ್ಲೂಕು ಕೇಂದ್ರಗಳಿಗೆ ಹೊಸ ಚಿತ್ರ ತಲುಪುವಷ್ಟರಲ್ಲಿ ಜಿಲ್ಲಾ ಕೇಂದ್ರದಲ್ಲಿ ಅದು ಹಳತಾಗಿರುತ್ತಿತ್ತು. ದೇವದುರ್ಗದಂಥ ರೈಲಿಲ್ಲದ ಊರಿಗೆ ಶ್ರಾವಣದ ಚಿತ್ರ ಸಂಕ್ರಾಂತಿಗೆ ಬಂದರೆ ಅದು ಶ್ರಾವಣದ ಚಿತ್ರವಾಗಿ ಉಳಿಯುವುದು ಹೇಗೆ? 1987ರ ಜನವರಿ 25ರಂದು ದೂರದರ್ಶನದಲ್ಲಿ ಶುರುವಾದ ರಮಾನಂದ ಸಾಗರರ 'ರಾಮಾಯಣ' ಭಾನುವಾರದ ಬೆಳಗನ್ನು ಪೂಜೆಯ ಹೊತ್ತಾಗಿಸಿತು. ಟಿ.ವಿ. ಪೆಟ್ಟಿಗೆಗೆ ಹಾರ ಹಾಕಿ, ಊದುಬತ್ತಿ ಹಚ್ಚಿ ನೋಡುವುದು ದೇಶದುದ್ದಕ್ಕೂ ನಡೆಯಿತು. 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಖಾಸಗಿ ವಾಹಿನಿಗಳು ಹಳೆಯ ಚಿತ್ರಗಳನ್ನು ತಿಥಿಗೆ ಜೋಡಿಸಿದವು: ಶಿವರಾತ್ರಿಯ ಜಾಗರಣೆಗೆ 'ಬೇಡರ ಕಣ್ಣಪ್ಪ', 'ಭಕ್ತ ಸಿರಿಯಾಳ'ಗಳಂಥವು, ರಾಯರ ಆರಾಧನೆಗೆ 'ಮಂತ್ರಾಲಯ ಮಹಾತ್ಮೆ', ಕನಕ ಜಯಂತಿಗೆ 'ಭಕ್ತ ಕನಕದಾಸ'. ಚಿತ್ರಮಂದಿರದಲ್ಲಿ ಕೆಲವು ವಾರ ಓಡಿದ ಚಿತ್ರ ಹೀಗೆ ವರ್ಷಾಬ್ದಿಕವಾಯಿತು.

ಹೊಸ ಭಕ್ತಿಚಿತ್ರಗಳು ಮಾತ್ರ 1980ರ ದಶಕದ ನಂತರ ವಿರಳವಾದವು. ವೇಷಭೂಷಣ, ಸೆಟ್ಟುಗಳ ಖರ್ಚು ಏರಿತು. ಕಂಪನಿ ನಾಟಕದ ಉಚ್ಚಾರಣೆ ಕಲಿತ ನಟರ ಪೀಳಿಗೆ ಕರಗಿತು. ಹಾಡಿನ ಪಾಲನ್ನು ಕ್ಯಾಸೆಟ್ ಉದ್ಯಮ ಕಿತ್ತುಕೊಂಡಿತು. ಉಳಿದ ದಾರಿ ಭಕ್ತಿಯನ್ನು ದೊಡ್ಡ ತಾರೆಯ ಮನರಂಜನೆಗೆ ಕಸಿ ಮಾಡುವುದು. ತೆಲುಗಿನ 'ಅನ್ನಮಯ್ಯ' (1997) ಮಾಡಿದ ಕೆ. ರಾಘವೇಂದ್ರರಾಯರು 2001ರಲ್ಲಿ ಕನ್ನಡ ಮತ್ತು ತೆಲುಗುಗಳಲ್ಲಿ 'ಶ್ರೀ ಮಂಜುನಾಥ' ತಂದರು. ಅರ್ಜುನ್ ನಾಯಕ, ಚಿರಂಜೀವಿ ಶಿವ. 'ಅನ್ನಮಯ್ಯ'ದ ಮೊದಲರ್ಧದಲ್ಲಿ ಶೃಂಗಾರದ ಹಾಡುಗಳಿಗೆ ಕೊರತೆಯಿಲ್ಲ. ಸಂಪ್ರದಾಯಸ್ಥರು ಮೂಗು ಮುರಿದರು. ಅಂತ್ಯದ ದೃಶ್ಯಗಳಿಗೆ ಅತ್ತವರೂ ಅವರೊಳಗೆ ಇದ್ದರು.

ರಾಯಚೂರಿನ ಮೂವರು ದಾಸರು ಇಷ್ಟು ಕಾಲ ತೆರೆಯಿಂದ ಹೊರಗುಳಿದದ್ದಕ್ಕೆ ಭೂಗೋಳವೊಂದೇ ಕಾರಣವಲ್ಲ. ಪುರಂದರದಾಸರ ಕಥೆಯಲ್ಲಿ ಮೂಗುತಿಯಿದೆ, ಜಿಪುಣನ ಸಂಪತ್ತಿದೆ, ವಿಜಯನಗರದ ವೈಭವವಿದೆ. ಕನಕದಾಸರ ಕಥೆಯಲ್ಲಿ ಯುದ್ಧವಿದೆ, ಉಡುಪಿಯ ಕಿಂಡಿಯಿದೆ. ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ವಿಜಯದಾಸರ ಸುಳಾದಿಗಳೂ ಜಗನ್ನಾಥದಾಸರ 'ಹರಿಕಥಾಮೃತಸಾರ'ವೂ ದ್ವೈತ ತತ್ತ್ವವನ್ನು ಸಂಸ್ಕೃತ ಬಾರದವರಿಗೆ ದಾಟಿಸಿದ ಕೃತಿಗಳು. ಅವುಗಳ ಹಿರಿಮೆ ಮಾತಿನಲ್ಲಿದೆ, ಘಟನೆಯಲ್ಲಿಲ್ಲ. ಕ್ಯಾಮೆರಾ ದ್ವೈತದ ದೇವತಾ ತಾರತಮ್ಯವನ್ನು ಹೇಗೆ ತೋರಿಸೀತು? ಪುಸ್ತಕದ ದಾರಿ ಅವರಿಗೆ ಮೊದಲೇ ತೆರೆದಿತ್ತು. ಇದೇ ಜಿಲ್ಲೆಯ ಲಿಂಗಸುಗೂರಿನಲ್ಲಿ ಗೊರೇಬಾಳ ಹನುಮಂತರಾಯರು ವರದೇಂದ್ರ ಹರಿದಾಸ ಸಾಹಿತ್ಯ ಮಂಡಲ ನಡೆಸಿ, ಓಲೆ ಹಸ್ತಪ್ರತಿಗಳಲ್ಲಿ ಚೆದುರಿದ್ದ ದಾಸರ ಪದಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ಭಜನಾ ಮಂಡಳಿಗಳು ಅವನ್ನೇ ಹಾಡಿದವು. ಸಿನಿಮಾದ ಅಗತ್ಯ ಆ ಭಕ್ತರಿಗೆ ತೋರಿರಲಾರದು.

ಹಾಗೆಂದು ತೆರೆಗೆ ಒಗ್ಗುವ ಕಥೆ ಇಲ್ಲದಿರಲಿಲ್ಲ. ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುತ್ತ ತಿರುಗುವ ದಾಸರನ್ನು ಹಗುರವಾಗಿ ಕಂಡರು. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿದರು. ನೆಪವೇ ನಿಜವಾಗಿ ಉದರಶೂಲೆ ಹಿಡಿಯಿತು. ಮಂತ್ರಾಲಯದ ಸೇವೆಯೂ ಗುಣ ತರದೆ, ವಿಜಯದಾಸರಲ್ಲೇ ಹೋಗೆಂಬ ಸೂ​ಚನೆಯಾಯಿತು. ವಿಜಯದಾಸರು ಗೋಪಾಲದಾಸರತ್ತ ಬೆರಳು ತೋರಿಸಿದರು. ಗೋಪಾಲದಾಸರು ಜೋಳದ ರೊಟ್ಟಿ ಕೊಟ್ಟು, ಅದರೊಂದಿಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನೂ ಧಾರೆಯೆರೆದರು. ಪಂಢರಪುರದ ಚಂದ್ರಭಾಗೆಯಲ್ಲಿ ಆಚಾರ್ಯರಿಗೆ 'ಜಗನ್ನಾಥವಿಠಲ' ಅಂಕಿತ ಸಿಕ್ಕಿತು. ಈ ಐತಿಹ್ಯದಲ್ಲಿ ಅಹಂಕಾರ, ನೋವು, ತ್ಯಾಗ, ಬಿಡುಗಡೆ ಎಲ್ಲವೂ ಇವೆ. ಅಮೃತವಲ್ಲ, ಪಾಯಸವಲ್ಲ, ಮಳೆ ಕಡಿಮೆಯ ಈ ಸೀಮೆಯ ಜೋಳದ ರೊಟ್ಟಿ ಆಯುಷ್ಯ ಕೊಡುವುದಂತೂ ಯಾವ ಚಿತ್ರಕಥೆಗಾರನೂ ಹೊಸೆಯಲಾರದ ವಿವರ.

ಮಧುಸೂದನ ಹವಾಲ್ದಾರ್ ನಿರ್ದೇಶನದ 'ಶ್ರೀ ಜಗನ್ನಾಥ ದಾಸರು' 2021ರಲ್ಲಿ ಬಂತು, ದಾಸರು ತೀರಿಕೊಂಡು 212 ವರ್ಷಗಳ ಮೇಲೆ. ಅದೇ ನಿರ್ದೇಶಕರು ಬಾಗಲಕೋಟೆಯ ಪ್ರಸನ್ನ ವೆಂಕಟದಾಸರ ಮತ್ತು ವಿಜಯದಾಸರ ಮೇಲೂ ಚಿತ್ರ ಮಾಡಿದರು. ಗೋಪಾಲದಾಸರನ್ನು ಬಿಟ್ಟು ಈ ಕಥೆಗಳನ್ನು ಹೇಳಲು ಬಾರದಾದ್ದರಿಂದ ಮೊಸರಕಲ್ಲೂ ತೆರೆಗೆ ಬಂದಂತಾಯಿತು. ರಾಜ್‌ಕುಮಾರರ ಕಾಲದ ಸಂತಚಿತ್ರಗಳಿಗೂ ಇವಕ್ಕೂ ದೊಡ್ಡ ವ್ಯತ್ಯಾಸವಿದೆ. 'ಭಕ್ತ ಕನಕದಾಸ' ಎಲ್ಲ ಜಾತಿಯ, ಎಲ್ಲ ಊರಿನ ಪ್ರೇಕ್ಷಕರನ್ನು ಎದುರಿಗಿಟ್ಟುಕೊಂಡು, ತಾರೆಯನ್ನು ನಂಬಿ ಮಾಡಿದ ವ್ಯಾಪಾರಿ ಚಿತ್ರ. ಈಚಿನವು ದಾಸಸಾಹಿತ್ಯವನ್ನು ಮೊದಲೇ ಬಲ್ಲ, ಪದಗಳ ಅಂಕಿತ ಕೇಳಿದೊಡನೆ ದಾಸರ ಹೆಸರು ಹೇಳಬಲ್ಲ ನೋಡುಗರನ್ನು ನೆಚ್ಚಿಕೊಂಡವು. ದೊಡ್ಡ ತಾರೆಯರಿಲ್ಲ, ಬಂಡವಾಳ ಚಿಕ್ಕದು. ಹಿಂದಿನವು ಪ್ರೇಕ್ಷಕರನ್ನು ಭಕ್ತರನ್ನಾಗಿಸಲು ನೋಡಿದವು. ಇವು ಭಕ್ತರನ್ನು ಪ್ರೇಕ್ಷಕರನ್ನಾಗಿಸಲು ಹೊರಟವು.

ಹೀಗೆ ನೋಡಿದಾಗ ಭಕ್ತಿಚಿತ್ರದ ವ್ಯಾಖ್ಯೆ ಕಾಲಕಾಲಕ್ಕೆ ಕೈ ಬದಲಿಸಿದೆ. ಮೊದಲ ದಶಕಗಳಲ್ಲಿ ಕಥೆಯ ಮೂಲ ನೋಡಿ ಹೆಸರಿಟ್ಟವರು ನಿರ್ಮಾಪಕರು. 1950ರಿಂದ 70ರವರೆಗೆ ಹಾಡು ಮತ್ತು ತಾರೆಯ ಬಲದಿಂದ ತೀರ್ಮಾನಿಸಿದವರು ಪ್ರೇಕ್ಷಕರು. ಆಮೇಲೆ ತಿಥಿ ನೋಡಿ ಪಟ್ಟಿ ಮಾಡಿದವು ವಾಹಿನಿಗಳು. ಮಾಧ್ವರಲ್ಲದವರೂ ನೋಡದಿದ್ದರೆ ಸಂತಚಿತ್ರಕ್ಕೆ ಅರ್ಥವಿಲ್ಲ ಎನ್ನುವವರೂ, ಹೊರಗಿನವರಿಗಾಗಿ ಕಥೆಯನ್ನು ಸಿಹಿ ಮಾಡಬಾರದು ಎನ್ನುವವರೂ ಇಂದು ಇದ್ದಾರೆ. ಎರಡನೆಯ ವಾದ ಗೆದ್ದರೆ ಈ ಬಗೆಯ ಚಿತ್ರ ಮಠದ ಸಭಾಂಗಣ ದಾಟುವುದು ಕಷ್ಟ. ಸದ್ಯ ಹಳೆಯ ಚಿತ್ರಗಳು ಯೂಟ್ಯೂಬಿನಲ್ಲಿ ಯಾವ ತಿಥಿಗೂ ಕಾಯದೆ ಸಿಗುತ್ತವೆ, ಹಾಡುಗಳು ಚಿತ್ರದಿಂದ ಬಿಡಿಯಾಗಿ ಮೊಬೈಲಿನಲ್ಲಿ ಓಡಾಡುತ್ತವೆ. ಆರಾಧನೆಯ ದಿನ ಅವುಗಳ ಹುಡುಕಾಟ ಹೆಚ್ಚಿದರೆ ಮುಂದಿನ ಪಟ್ಟಿ ಮಾಡುವುದು ಆ ವೇದಿಕೆಗಳ ಲೆಕ್ಕಾಚಾರವೇ. ಅದಕ್ಕೆ 'ಎರಡು ಕನಸು' ಮತ್ತು 'ಮಂತ್ರಾಲಯ ಮಹಾತ್ಮೆ' ಒಂದೇ ಸಾಲಿನಲ್ಲಿ ಬರುವ ಎರಡು ಹೆಸರುಗಳು.